ಅತಿಮದ್ಯಪಾನ ಮತ್ತು ಸಣ್ಣ ಕರುಳಿನ ಲೋಳೆಪೊರೆ

ಹೆಚ್ಚಿನ ಪ್ರಮಾಣದಲ್ಲಿ ಮದ್ಯ ಸೇವಿಸುವವರ ಸಣ್ಣ ಕರುಳಿನ ಒಳಮೈಯಲ್ಲಿ ಕಾಣಿಸಿಕೊಳ್ಳುವ ರಚನೆಯ ಹಾಗೂ ಕಾರ್ಯದ ಏರುಪೇರುಗಳನ್ನು ಒಟ್ಟಾಗಿ ಮದ್ಯಜನ್ಯ ಕರುಳುವಿಕಾರ ಎನ್ನಬಹುದು. ಲೋಳೆಪೊರೆಯ ತುದಿಗಳು ಸವೆಯುವುದು, ಜೀವಕೋಶಗಳ ನಡುವಿನ ಬೆಸುಗೆ ಸಡಿಲವಾಗುವುದು, ಪೋಷಕಾಂಶಗಳ ಹೀರಿಕೆ ಕುಗ್ಗುವುದು, ಬ್ಯಾಕ್ಟೀರಿಯಗಳ ವಿಷಾಂಶ ರಕ್ತಕ್ಕೆ ನುಸುಳುವುದು ಇದರ ಮುಖ್ಯ ಅಂಶಗಳು. ಮದ್ಯ ಎಂದೊಡನೆ ಜನ ಯಕೃತ್ತನ್ನು ನೆನೆಯುತ್ತಾರೆ. ಆದರೆ ಗಂಟಲಿನಿಂದ ಇಳಿದ ಮದ್ಯದ ಬಹುಪಾಲು ಯಕೃತ್ತನ್ನು ಮುಟ್ಟುವ ಮೊದಲು ಕರುಳಿನ ಗೋಡೆಯನ್ನು ದಾಟಲೇಬೇಕು. ಯಕೃತ್ತಿಗೂ ನರಮಂಡಲಕ್ಕೂ ತಗಲುವ ಹಲವು ಕೇಡುಗಳ ಒಂದು ಬೇರು ಈ ಗೋಡೆಯಲ್ಲಿಯೇ ಇದೆ.

ಪರಿಭಾಷೆ ಮತ್ತು ಅಳತೆ

ಈ ಲೇಖನದಲ್ಲಿ ಲೋಳೆಪೊರೆ ಎಂದರೆ ಕರುಳಿನ ನಾಲ್ಕು ಪದರಗಳಲ್ಲಿ ಎಲ್ಲಕ್ಕಿಂತ ಒಳಗಿನದು, ಆಹಾರಕ್ಕೆ ನೇರವಾಗಿ ತಾಗುವಂಥದು. ಮದ್ಯ ಎಂದರೆ ಕುಡಿಯುವ ಪಾನೀಯ. ಎಥನಾಲ್ ಎಂದರೆ ಅದರಲ್ಲಿರುವ ರಾಸಾಯನಿಕ. ಕಳ್ಳಬಟ್ಟಿಯಲ್ಲಿ ಬೆರೆಯಬಹುದಾದ ಮೆಥನಾಲಿನ ವಿಷಬಾಧೆ ಬೇರೆಯೇ ವಿಷಯ. ಅದು ಇಲ್ಲಿ ಸೇರಿಲ್ಲ.

ಅತಿ ಎಂಬುದಕ್ಕೂ ಅಳತೆಯಿದೆ. ಒಂದೇ ಸಲಕ್ಕೆ 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಶುದ್ಧ ಎಥನಾಲ್ ಒಳಗೆ ಹೋಗುವಂತೆ ಕುಡಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಒಮ್ಮೆಲೇ ಅತಿಯಾಗಿ ಕುಡಿಯುವ ರೂಢಿ ಎಂದು ಗುರುತಿಸುತ್ತದೆ. ಭಾರತದಲ್ಲಿ ತಯಾರಾಗುವ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ಎಥನಾಲ್ ಸಾಮಾನ್ಯವಾಗಿ ಗಾತ್ರದ ಲೆಕ್ಕದಲ್ಲಿ ಶೇ 42.8 ಇರುತ್ತದೆ. ಆ ಪ್ರಕಾರ 30 ಮಿಲಿಲೀಟರಿನ ಒಂದು ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಎಥನಾಲ್ ಇದೆ. ಅಂಗಡಿಯಲ್ಲಿ ಕ್ವಾರ್ಟರ್ ಎಂದು ಕೇಳಿ ಪಡೆಯುವ 180 ಮಿಲಿಲೀಟರಿನ ಬಾಟಲಿಯಲ್ಲಿ ಸುಮಾರು 61 ಗ್ರಾಂ. ಅಂದರೆ ಒಬ್ಬನೇ ಕೂತು ಒಂದು ಕ್ವಾರ್ಟರ್ ಮುಗಿಸಿದರೆ ಮೇಲಿನ ಗೆರೆ ದಾಟಿದಂತೆಯೇ. 650 ಮಿಲಿಲೀಟರಿನ ಬಿಯರ್ ಬಾಟಲಿಯಲ್ಲಿ ಶೇ 5ರದಾದರೆ ಸುಮಾರು 26 ಗ್ರಾಂ, ಸ್ಟ್ರಾಂಗ್ ಎನಿಸಿಕೊಳ್ಳುವ ಶೇ 8ರದಾದರೆ ಸುಮಾರು 41 ಗ್ರಾಂ ಎಥನಾಲ್ ಇರುತ್ತದೆ.

ಅಧ್ಯಯನದ ಹಿನ್ನೆಲೆ

ಸಣ್ಣ ಕರುಳಿನ ಲೋಳೆಪೊರೆ ಬಹುಕಾಲ ವೈದ್ಯರ ಕಣ್ಣಿಗೆ ಸರಿಯಾಗಿ ಬೀಳಲೇ ಇಲ್ಲ. ಪ್ರಾಣ ಹೋದ ಸ್ವಲ್ಪ ಹೊತ್ತಿನಲ್ಲೇ ಅದು ತನ್ನ ಕಿಣ್ವಗಳಿಗೇ ತುತ್ತಾಗಿ ಕರಗತೊಡಗುತ್ತದೆ. ಆದ್ದರಿಂದ ಶವಪರೀಕ್ಷೆಯಲ್ಲಿ ಸಿಗುವ ತುಣುಕು ನಂಬಿಕೆಗೆ ಅರ್ಹವಾಗಿರಲಿಲ್ಲ. ಕಂಡ ಸವೆತ ರೋಗದಿಂದ ಬಂದದ್ದೋ ಸಾವಿನ ಬಳಿಕ ಆದದ್ದೋ ಎಂದು ಹೇಳುವುದು ಕಷ್ಟವಿತ್ತು. 1957ರಲ್ಲಿ ವಿಲಿಯಂ ಕ್ರಾಸ್ಬಿ ಮತ್ತು ಕುಗ್ಲರ್ ಅವರು ಬಾಯಿಯ ಮೂಲಕ ನುಂಗಿಸಿ ಕರುಳಿನಿಂದ ಚೂರು ಕತ್ತರಿಸಿ ತರುವ ಪುಟ್ಟ ಲೋಹದ ಕ್ಯಾಪ್ಸೂಲನ್ನು ಬಳಕೆಗೆ ತಂದ ಮೇಲೆ ಚಿತ್ರ ಬದಲಾಯಿತು. ಬದುಕಿರುವವರ ಕರುಳಿನ ತಾಜಾ ತುಣುಕುಗಳು ಮೊದಲ ಬಾರಿಗೆ ಸುಲಭವಾಗಿ ಸೂಕ್ಷ್ಮದರ್ಶಕದಡಿ ಬಂದವು.

20ನೆಯ ಶತಮಾನದ ಮಧ್ಯದವರೆಗೆ ಕುಡುಕರ ಕಾಯಿಲೆಗಳಿಗೆಲ್ಲ ಮುಖ್ಯವಾಗಿ ಅಪೌಷ್ಟಿಕತೆಯೇ ಕಾರಣ ಎಂಬ ಅಭಿಪ್ರಾಯ ಬಲವಾಗಿತ್ತು. ಊಟ ಬಿಟ್ಟು ಕುಡಿಯುವುದರಿಂದ ಕೇಡೇ ಹೊರತು ಎಥನಾಲಿನಿಂದಲ್ಲ ಎಂಬುದು ಅದರ ಸಾರ. ಬೆಲ್ಜಿಯಂ ಮೂಲದ ಅಮೆರಿಕದ ವೈದ್ಯ ಚಾರ್ಲ್ಸ್ ಲೀಬರ್ (1931–2009) ಮತ್ತು ಅವರ ಸಂಗಡಿಗರು ಸಾಕಷ್ಟು ಪೌಷ್ಟಿಕ ಆಹಾರವಿದ್ದರೂ ಎಥನಾಲ್ ನೇರವಾಗಿ ಅಂಗಾಂಶವನ್ನು ಕೆಡಿಸುತ್ತದೆ ಎಂದು ತೋರಿಸಿದರು. ಅವರ ಕೆಲಸದ ಬಹುಪಾಲು ಯಕೃತ್ತಿನದು. ಆದರೆ ಕರುಳಿನ ಸಂಶೋಧನೆಗೂ ಅದೇ ದಾರಿ ತೆರೆಯಿತು. 1970ರ ದಶಕದಲ್ಲಿ ಚಾರ್ಲ್ಸ್ ಹಾಲ್‌ಸ್ಟೆಡ್ ಮತ್ತು ಸಂಗಡಿಗರು ಹೀರಿಕೆಯ ಮೇಲೆ ಮದ್ಯದ ಪರಿಣಾಮವನ್ನು ಅಳೆದರು. 1984ರಲ್ಲಿ ಇಂಗ್ವಾರ್ ಬ್ಯಾರ್ನಸನ್, ತಿಮೊತಿ ಪೀಟರ್ಸ್ ಮೊದಲಾದವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಮದ್ಯವ್ಯಸನಿಗಳ ಕರುಳು ಸೋರುತ್ತದೆ ಎಂಬ ಮಾತನ್ನು ವೈದ್ಯಕೀಯದಲ್ಲಿ ನೆಲೆಗೊಳಿಸಿತು.

ಲೋಳೆಪೊರೆಯ ರಚನೆ

ವಯಸ್ಕರಲ್ಲಿ ಸಣ್ಣ ಕರುಳಿನ ಉದ್ದ ಸುಮಾರು 6 ಮೀಟರ್. ಜಠರಕ್ಕೆ ಅಂಟಿಕೊಂಡ ಮೊದಲ 25 ಸೆಂಟಿಮೀಟರಿನಷ್ಟು ಭಾಗ ಡುವೋಡಿನಮ್, ಅನಂತರದ್ದು ಜೆಜುನಮ್, ಕೊನೆಯದು ದೊಡ್ಡ ಕರುಳಿಗೆ ಸೇರುವ ಇಲಿಯಮ್. ಒಳಮೈ ಮಡಿಕೆ ಮಡಿಕೆಯಾಗಿದ್ದು, ಮಡಿಕೆಗಳ ಮೇಲೆ ಅರ್ಧದಿಂದ ಒಂದು ಮಿಲಿಮೀಟರ್ ಎತ್ತರದ ಬೆರಳಿನಾಕಾರದ ಚಾಚುಗಳು ಒತ್ತೊತ್ತಾಗಿ ನಿಂತಿವೆ. ಇವೇ ವಿಲ್ಲೈಗಳು, ಕೆಲವು ಕನ್ನಡ ಪುಸ್ತಕಗಳಲ್ಲಿ ರಸಾಂಕುರಗಳು. ಪ್ರತಿ ಚಾಚಿನ ಮೇಲಿನ ಕೋಶಗಳಿಗೂ ಇನ್ನಷ್ಟು ಚಿಕ್ಕ ಚಾಚುಗಳಿವೆ. ಸೂಕ್ಷ್ಮದರ್ಶಕದಲ್ಲಿ ಬ್ರಷ್ಷಿನ ಕೂದಲಿನಂತೆ ಕಾಣುವ ಈ ಅಂಚಿನಲ್ಲಿಯೇ ಲ್ಯಾಕ್ಟೇಸ್, ಸುಕ್ರೇಸ್ ಮೊದಲಾದ ಜೀರ್ಣಕಿಣ್ವಗಳು ನೆಲೆಸಿವೆ. ಇಡೀ ಹೊದಿಕೆಯನ್ನು ಬಿಡಿಸಿ ಹಾಸಿದರೆ ಟೆನಿಸ್ ಮೈದಾನದಷ್ಟಾಗುತ್ತದೆ ಎಂಬ ಮಾತು ಪಠ್ಯಪುಸ್ತಕಗಳಲ್ಲಿ ದೀರ್ಘಕಾಲ ಉಳಿದಿತ್ತು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಮತ್ತೆ ಅಳೆದಾಗ ಜೀರ್ಣನಾಳದ ಒಟ್ಟು ಒಳಮೈ ಸುಮಾರು 32 ಚದರ ಮೀಟರ್ ಎಂದು ಬಂತು. ಟೆನಿಸ್ ಮೈದಾನದ ಹೋಲಿಕೆಯನ್ನು ಈಗ ಕೈಬಿಡುವುದೇ ಸರಿ.

ವಿಲ್ಲೈಗಳ ಬುಡದಲ್ಲಿ ಬಾವಿಯಂಥ ಕುಳಿಗಳಿವೆ. 18ನೆಯ ಶತಮಾನದ ಜರ್ಮನ್ ಅಂಗರಚನಾಶಾಸ್ತ್ರಜ್ಞ ಯೋಹಾನ್ ನಥಾನಿಯಲ್ ಲೀಬರ್ಕೂನ್ ವಿವರಿಸಿದ ಕಾರಣ ಅವನ ಹೆಸರೇ ಅವಕ್ಕೆ ನಿಂತಿದೆ. ಕುಳಿಯ ತಳದಲ್ಲಿ ಕಾಂಡಕೋಶಗಳು ನಿರಂತರವಾಗಿ ವಿಭಜನೆಯಾಗುತ್ತ ಹೊಸ ಕೋಶಗಳನ್ನು ಮೇಲಕ್ಕೆ ತಳ್ಳುತ್ತವೆ. ಹೀರುವ ಕೋಶವೊಂದು ಕುಳಿಯಿಂದ ಹೊರಟು ವಿಲ್ಲಸ್ಸಿನ ತುದಿ ಮುಟ್ಟಿ ಉದುರುವಷ್ಟರಲ್ಲಿ ಮೂರರಿಂದ ಐದು ದಿನ ಕಳೆದಿರುತ್ತದೆ. ದೇಹದಲ್ಲಿ ಇಷ್ಟು ಬೇಗ ಹೊಸತಾಗುವ ಅಂಗಾಂಶಗಳು ಕಡಿಮೆ. ಮದ್ಯದ ಹಾನಿ ಬೇಗ ಕಾಣಿಸಿಕೊಳ್ಳುವುದಕ್ಕೂ, ಕುಡಿತ ನಿಂತರೆ ಬೇಗ ಮಾಯುವುದಕ್ಕೂ ಈ ವೇಗವೇ ಕಾರಣ.

ಹೀರುವ ಕೋಶಗಳ ನಡುನಡುವೆ ಲೋಳೆ ಸುರಿಸುವ ಗಾಬ್ಲೆಟ್ ಕೋಶಗಳಿವೆ. ಕುಳಿಯ ತಳದಲ್ಲಿರುವ ಪ್ಯಾನೆತ್ ಕೋಶಗಳು ಬ್ಯಾಕ್ಟೀರಿಯಗಳನ್ನು ಕೊಲ್ಲುವ ಡಿಫೆನ್ಸಿನ್ ಎಂಬ ಪ್ರೋಟೀನುಗಳನ್ನು ಸ್ರವಿಸುತ್ತವೆ. ಅಕ್ಕಪಕ್ಕದ ಎರಡು ಕೋಶಗಳ ಮೇಲಂಚನ್ನು ಬಿಗಿಯಾಗಿ ಹೊಲಿದಿರುವ ಕಟ್ಟಿಗೆ ಬಿಗಿಬೆಸುಗೆ ಎನ್ನಬಹುದು. ಆಕ್ಲೂಡಿನ್, ಕ್ಲಾಡಿನ್ ಎಂಬ ಪ್ರೋಟೀನುಗಳು ಆ ಹೊಲಿಗೆಯ ದಾರ; ಜಡ್‌ಒ-1 ಎಂಬುದು ದಾರವನ್ನು ಕೋಶದ ಒಳ ಹಂದರಕ್ಕೆ ಕಟ್ಟುವ ಗೂಟ. ನೀರು, ಲವಣ, ಪೋಷಕಾಂಶ ಒಳಬರಬೇಕು. ಬ್ಯಾಕ್ಟೀರಿಯ ಮತ್ತು ಅದರ ಚೂರುಪಾರು ಹೊರಗೇ ಉಳಿಯಬೇಕು. ಆ ಆಯ್ಕೆ ನಡೆಯುವುದು ಇಲ್ಲಿ.

ಎಥನಾಲ್ ಸಾಗುವ ದಾರಿ

ಎಥನಾಲಿಗೆ ಜೀರ್ಣವಾಗುವ ಅಗತ್ಯವಿಲ್ಲ. ಅದರ ಅಣು ಚಿಕ್ಕದು, ನೀರಿನಲ್ಲೂ ಕೊಬ್ಬಿನಲ್ಲೂ ಬೆರೆಯುವಂಥದು. ಆದ್ದರಿಂದ ಕೋಶದ ಪೊರೆಯ ಮೂಲಕ ತಾನಾಗಿಯೇ ತೂರಿಹೋಗುತ್ತದೆ. ಸುಮಾರು ಐದನೆಯ ಒಂದು ಭಾಗ ಜಠರದಲ್ಲಿ, ಉಳಿದ ಬಹುಪಾಲು ಡುವೋಡಿನಮ್ ಮತ್ತು ಜೆಜುನಮ್‌ನ ಮೇಲ್ಭಾಗದಲ್ಲಿ ರಕ್ತಕ್ಕೆ ಸೇರುತ್ತದೆ. ಕುಡಿಯುತ್ತಿರುವ ಹೊತ್ತಿನಲ್ಲಿ ಜೆಜುನಮ್‌ನ ಒಳದ್ರವದಲ್ಲಿ ಎಥನಾಲಿನ ಸಾಂದ್ರತೆ ಶೇ 10ರ ಹತ್ತಿರಕ್ಕೂ ಏರಬಹುದು. ಇಲಿಯಮ್‌ನಲ್ಲಿ ಅದು ರಕ್ತದಲ್ಲಿರುವ ಮಟ್ಟಕ್ಕಿಂತ ಹೆಚ್ಚಾಗುವುದಿಲ್ಲ. ಅಲ್ಲಿಗೆ ಬರುವ ಎಥನಾಲ್ ಕರುಳಿನ ಒಳಗಿನಿಂದಲ್ಲ, ರಕ್ತದಿಂದ. ಹೀಗಾಗಿ ನೇರ ಸುಡುಗಾಯ ಮೇಲ್ಭಾಗದಲ್ಲಿ ಹೆಚ್ಚು, ಕೆಳಭಾಗದಲ್ಲಿ ಕಡಿಮೆ.

ಹೊಟ್ಟೆ ತುಂಬಿದ್ದರೆ ಜಠರ ನಿಧಾನವಾಗಿ ಬರಿದಾಗುತ್ತದೆ, ಎಥನಾಲ್ ತೆಳುವಾಗಿ, ತಡವಾಗಿ ಕರುಳಿಗೆ ಇಳಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ನೀರು ಬೆರೆಸದೆ ಗಟಗಟನೆ ಏರಿಸಿದರೆ ಲೋಳೆಪೊರೆಗೆ ತಾಗುವುದು ಗಾಢವಾದ ದ್ರವ. ಒಟ್ಟು ಎಷ್ಟು ಕುಡಿದರೆಂಬುದರಷ್ಟೇ ಹೇಗೆ ಕುಡಿದರೆಂಬುದೂ ಮುಖ್ಯ.

ಎಥನಾಲಿನ ಬಹುಪಾಲನ್ನು ಯಕೃತ್ತು ಒಡೆಯುತ್ತದೆ. ಆದರೆ ಕರುಳಿನ ಕೋಶಗಳಲ್ಲಿಯೂ ಆಲ್ಕೊಹಾಲ್ ಡಿಹೈಡ್ರೋಜಿನೇಸ್ ಮತ್ತು ಸಿವೈಪಿ2ಇ1 ಎಂಬ ಕಿಣ್ವಗಳಿವೆ. ಬ್ಯಾಕ್ಟೀರಿಯಗಳಿಗೂ ಎಥನಾಲನ್ನು ಒಡೆಯುವ ಶಕ್ತಿಯಿದೆ. ಎರಡೂ ದಾರಿಯಲ್ಲಿ ಹುಟ್ಟುವುದು ಅಸಿಟಾಲ್ಡಿಹೈಡ್. ಎಥನಾಲಿಗಿಂತ ಹೆಚ್ಚು ಕಾಡುವ ವಸ್ತು ಇದು. ದಿನವೂ ಕುಡಿಯುವವರಲ್ಲಿ ಸಿವೈಪಿ2ಇ1 ಕಿಣ್ವದ ಪ್ರಮಾಣ ಏರುತ್ತದೆ. ಅದು ದುಡಿದಷ್ಟೂ ಕೋಶವನ್ನು ಕೊರೆಯುವ ಚುರುಕು ಆಮ್ಲಜನಕದ ಕಣಗಳು ಹೊರಬೀಳುತ್ತವೆ.

ತಕ್ಷಣದ ಹಾನಿ

ಒಂದೇ ಬಾರಿಯ ಭಾರಿ ಕುಡಿತದಿಂದಲೂ ಡುವೋಡಿನಮ್ ಮತ್ತು ಜೆಜುನಮ್‌ನ ಮೇಲ್ಭಾಗದಲ್ಲಿ ಗಾಯಗಳಾಗಬಲ್ಲವು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕ್ರಮ ಸ್ಪಷ್ಟವಾಗಿದೆ. ಮೊದಲು ವಿಲ್ಲೈಗಳ ತುದಿಯಲ್ಲಿ ಕೋಶದ ಹೊದಿಕೆ ತಳದಿಂದ ಬಿಟ್ಟು ನೀರುಗುಳ್ಳೆಯಂತೆ ಉಬ್ಬುತ್ತದೆ. ಬಳಿಕ ಗುಳ್ಳೆ ಒಡೆದು ತುದಿ ಬೋಳಾಗುತ್ತದೆ. ಅದರಡಿಯ ಲೋಮನಾಳಗಳಿಂದ ಪ್ಲಾಸ್ಮಾ, ಕೆಲವೊಮ್ಮೆ ರಕ್ತ ಕರುಳಿನೊಳಕ್ಕೆ ಒಸರುತ್ತದೆ. ವಿಲ್ಲಸ್ಸಿನ ನಡುವಿನ ನಯವಾದ ಸ್ನಾಯುತಂತುಗಳು ಸಂಕುಚಿಸಿ ದುಗ್ಧರಸದ ಹರಿವನ್ನು ತಡೆಯುವುದರಿಂದ ಒತ್ತಡ ಹೆಚ್ಚಿ ಗುಳ್ಳೆ ಏಳುತ್ತದೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಮಾಸ್ಟ್ ಕೋಶಗಳು ಬಿಡುವ ಹಿಸ್ಟಮಿನ್ ಮತ್ತು ಲ್ಯೂಕೊಟ್ರೈಈನ್‌ಗಳೂ, ನುಗ್ಗಿಬರುವ ಬಿಳಿರಕ್ತಕಣಗಳೂ ಇದರಲ್ಲಿ ಪಾಲು ಹೊಂದಿವೆ.

ಮನುಷ್ಯರಲ್ಲಿ ಎಂಡೊಸ್ಕೋಪಿ ಮಾಡಿದಾಗ ಕೆಂಪೇರಿದ ಲೋಳೆಪೊರೆ, ಚುಕ್ಕೆಚುಕ್ಕೆಯಾದ ರಕ್ತಸ್ರಾವ ಕಾಣುತ್ತವೆ. ವಿಭಜನೆಯಾಗುವ ಕುಳಿಕೋಶಗಳು ಉಳಿದಿದ್ದರೆ ಈ ಗಾಯ ದಿನಗಳಲ್ಲೇ ಮುಚ್ಚಿಕೊಳ್ಳುತ್ತದೆ. ವಾರಕ್ಕೆ ಹಲವು ಬಾರಿ ಅದೇ ಮರುಕಳಿಸಿದರೆ ರಿಪೇರಿ ಮುಗಿಯುವ ಮುಂಚೆಯೇ ಮತ್ತೆ ಕೆಡಹುವುದು ನಡೆಯುತ್ತದೆ.

ದೀರ್ಘಕಾಲದ ಬದಲಾವಣೆಗಳು

ಹಲವು ವರ್ಷ ಕುಡಿದವರ ಕರುಳಿನ ತುಣುಕನ್ನು ಸಾಧಾರಣ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹಳ ಸಲ ಹೆಚ್ಚೇನೂ ಕಾಣುವುದಿಲ್ಲ. ಈ ಸಹಜನೋಟ ಓದುಗರನ್ನೂ ವೈದ್ಯರನ್ನೂ ದಾರಿ ತಪ್ಪಿಸಬಲ್ಲದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದೇ ಕೋಶಗಳ ಮೈಟೊಕಾಂಡ್ರಿಯಗಳು ಊದಿ ಆಕಾರಗೆಟ್ಟಿರುತ್ತವೆ, ಒಳಜಾಲರಿಯ ನಾಳಗಳು ಹಿಗ್ಗಿರುತ್ತವೆ. ಎಚ್ಚರಿಕೆಯಿಂದ ಅಳೆದಾಗ ಕೆಲವರಲ್ಲಿ ವಿಲ್ಲೈಗಳ ಎತ್ತರ ತಗ್ಗಿರುವುದೂ, ಹೀರುವ ಒಟ್ಟು ಮೈ ಕಡಿಮೆಯಾಗಿರುವುದೂ ಗೊತ್ತಾಗಿದೆ. ಗ್ಲುಟೆನ್ ಅಸಹಿಷ್ಣುತೆಯಾದ ಸೀಲಿಯಾಕ್ ರೋಗದಲ್ಲಿ ಕಾಣುವ ಹಾಗೆ ವಿಲ್ಲೈಗಳು ಪೂರ್ತಿ ಬೋಳಾಗುವುದು ಬರಿಯ ಮದ್ಯಪಾನದ ಲಕ್ಷಣವಲ್ಲ. ಹಾಗೆ ಕಂಡರೆ ಬೇರೆ ಕಾರಣ ಹುಡುಕಬೇಕು.

ಪ್ಯಾನೆತ್ ಕೋಶಗಳ ಡಿಫೆನ್ಸಿನ್ ಇಳಿಯುತ್ತದೆ. ದೇಹದಲ್ಲಿ ಸತುವಿನ ಕೊರತೆಯಿದ್ದರೆ ಇನ್ನೂ ಹೆಚ್ಚು. ಬ್ರಷ್ ಅಂಚಿನ ಕಿಣ್ವಗಳಲ್ಲಿ ಲ್ಯಾಕ್ಟೇಸ್ ಮತ್ತು ಸುಕ್ರೇಸ್ ಬೇಗ ಕುಸಿಯುತ್ತವೆ. ಕರುಳಿನ ಚಲನೆಯೂ ಕೆಡುತ್ತದೆ: ಜೆಜುನಮ್‌ನಲ್ಲಿ ಆಹಾರವನ್ನು ತಡೆದು ನಿಲ್ಲಿಸಿ ಕಲಸುವ ಅಲೆಗಳು ಕಡಿಮೆಯಾಗುತ್ತವೆ, ಇಲಿಯಮ್‌ನಲ್ಲಿ ಮುಂದಕ್ಕೆ ತಳ್ಳುವ ಅಲೆಗಳು ಉಳಿಯುತ್ತವೆ. ಹೀರಿಕೆಗೆ ಸಮಯವೇ ಸಿಗದೆ ಆಹಾರ ಕೆಳಕ್ಕೆ ಓಡುತ್ತದೆ. ಕುಡಿತದ ಮಾರನೆಯ ಬೆಳಗಿನ ತೆಳುಭೇದಿಗೆ ಇದೂ ಒಂದು ಕಾರಣ.

ಸೋರುವ ಕರುಳು

ಬಿಗಿಬೆಸುಗೆಯ ಮೂಲಕ ಅಣುಗಳು ತೂರಿಹೋಗುವ ಗುಣಕ್ಕೆ ಪಾರಗಮ್ಯತೆ ಎನ್ನುತ್ತಾರೆ. ಆರೋಗ್ಯವಂತರಲ್ಲಿ ಇದು ಅಲ್ಪ. 1984ರ ಅಧ್ಯಯನದಲ್ಲಿ ವಿಕಿರಣ ಸೂಸುವ ಕ್ರೋಮಿಯಂ-51 ಸೇರಿಸಿದ ಇಡಿಟಿಎ ಎಂಬ ವಸ್ತುವನ್ನು ಕುಡಿಸಿ, ಮೂತ್ರದಲ್ಲಿ ಎಷ್ಟು ಬರುತ್ತದೆಂದು ಅಳೆಯಲಾಯಿತು. ದೇಹಕ್ಕೆ ಬೇಡವಾದ, ಕರುಳು ಹೀರಬಾರದ ವಸ್ತು ಅದು. ಮೂತ್ರದಲ್ಲಿ ಬಂತೆಂದರೆ ಗೋಡೆಯ ಸಂದಿನಲ್ಲಿ ನುಸುಳಿದೆ ಎಂದೇ ಅರ್ಥ. ಯಕೃತ್ತಿನ ಸಿರೋಸಿಸ್ ಇಲ್ಲದ ಮದ್ಯವ್ಯಸನಿಗಳಲ್ಲಿ ಅದು ಆರೋಗ್ಯವಂತರಿಗಿಂತ ಹೆಚ್ಚಾಗಿ ಬಂತು. ಕುಡಿತ ನಿಲ್ಲಿಸಿದ ಎರಡು ವಾರದವರೆಗೂ ಕೆಲವರಲ್ಲಿ ಹಾಗೆಯೇ ಉಳಿಯಿತು. ಯಕೃತ್ತು ಕೆಡುವ ಮುಂಚೆಯೇ ಕರುಳು ಸೋರತೊಡಗಿರಬಹುದು ಎಂಬ ಸೂಚನೆ ಇಲ್ಲಿಂದ ಬಂತು.

ಬೆಸುಗೆ ಸಡಿಲವಾಗುವ ಬಗೆಯನ್ನು ಹೆಚ್ಚಾಗಿ ಕೇಕೊ-2 ಎಂಬ ಕೋಶಗಳ ಪದರದಲ್ಲಿ ಅಭ್ಯಸಿಸಿದ್ದಾರೆ. ಇವು ದೊಡ್ಡ ಕರುಳಿನ ಕ್ಯಾನ್ಸರಿನಿಂದ ಪಡೆದವು, ಆದರೆ ಬೆಳೆಸಿದಾಗ ಸಣ್ಣ ಕರುಳಿನ ಹೀರುಕೋಶಗಳಂತೆ ವರ್ತಿಸುತ್ತವೆ. ಅಸಿಟಾಲ್ಡಿಹೈಡ್ ತಾಗಿದಾಗ ಆಕ್ಲೂಡಿನ್ ಮತ್ತು ಜಡ್‌ಒ-1 ತಮ್ಮ ಸ್ಥಾನದಿಂದ ಜರುಗುತ್ತವೆ. ಎಥನಾಲ್ ಕೋಶದ ಒಳ ಹಂದರವನ್ನೂ ಅಲುಗಿಸುತ್ತದೆ, ಜಡ್‌ಒ-1 ತಯಾರಿಕೆಯನ್ನೂ ತಗ್ಗಿಸುತ್ತದೆ. ಪ್ರಯೋಗಶಾಲೆಯ ಪದರದಲ್ಲಿ ಖಚಿತವಾಗಿ ಕಂಡದ್ದೆಲ್ಲ ಮನುಷ್ಯನ ಕರುಳಿನಲ್ಲೂ ಅದೇ ಪ್ರಮಾಣದಲ್ಲಿ ನಡೆಯುತ್ತದೆಂದು ತಿಳಿಯಬೇಕಿಲ್ಲ.

ಸಂದು ತೆರೆದಾಗ ನುಗ್ಗುವ ಮುಖ್ಯ ವಸ್ತು ಎಂಡೊಟಾಕ್ಸಿನ್. ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಗಳ ಹೊರಪೊರೆಯ ಚೂರು ಇದು. ಕರುಳಿನ ರಕ್ತವೆಲ್ಲ ಪೋರ್ಟಲ್ ಅಭಿಧಮನಿಯ ಮೂಲಕ ಯಕೃತ್ತಿಗೇ ಹರಿಯುವುದರಿಂದ ಎಂಡೊಟಾಕ್ಸಿನ್ ಮೊದಲು ಮುಟ್ಟುವುದು ಅಲ್ಲಿಗೆ. ಯಕೃತ್ತಿನ ಕಾವಲಿನ ಕುಪ್ಫರ್ ಕೋಶಗಳು ಟಿಎಲ್‌ಆರ್4 ಎಂಬ ಗ್ರಾಹಕದಿಂದ ಅದನ್ನು ಗುರುತಿಸಿ ಟಿಎನ್‌ಎಫ್ ಆಲ್ಫಾದಂಥ ಉರಿಯೂತದ ಸಂದೇಶಗಳನ್ನು ಬಿಡುತ್ತವೆ. ದಿನವೂ ಈ ಕರೆ ಬರುತ್ತಿದ್ದರೆ ಉರಿಯೂತ ನೆಲೆನಿಂತು, ಕೊಬ್ಬು ತುಂಬಿದ ಯಕೃತ್ತು ಕ್ರಮೇಣ ನಾರುಗಟ್ಟುತ್ತದೆ. ಹೀಗೆ ಕರುಳು–ಯಕೃತ್ತು ನಂಟು ಇಂದು ಮದ್ಯಜನ್ಯ ಯಕೃತ್ ರೋಗದ ವಿವರಣೆಯಲ್ಲಿ ಸ್ಥಿರವಾದ ಭಾಗವಾಗಿದೆ. 2014ರಲ್ಲಿ ಅಮೆರಿಕದ ಸಂಶೋಧಕರು ಆರೋಗ್ಯವಂತ ಸ್ವಯಂಸೇವಕರಿಗೆ ಒಮ್ಮೆ ಹೆಚ್ಚಾಗಿ ಮದ್ಯ ಕುಡಿಸಿದಾಗಲೂ ರಕ್ತದಲ್ಲಿ ಎಂಡೊಟಾಕ್ಸಿನ್ ಮತ್ತು ಬ್ಯಾಕ್ಟೀರಿಯದ ಡಿಎನ್‌ಎ ಏರಿದ್ದನ್ನು ಕಂಡರು. ದೀರ್ಘ ವ್ಯಸನಿಗಳಿಗೆ ಮಾತ್ರ ಸಂಬಂಧಿಸಿದ ಸಂಗತಿ ಇದಲ್ಲ.

ಆದರೂ ಒಂದು ಮಿತಿ ಹೇಳಬೇಕು. ಕರುಳು ಸೋರುವ ಎಲ್ಲ ಕುಡುಕರಿಗೂ ಸಿರೋಸಿಸ್ ಬರುವುದಿಲ್ಲ. ಅನುವಂಶೀಯತೆ, ಲಿಂಗ, ಬೊಜ್ಜು, ಹೆಪಟೈಟಿಸ್ ವೈರಾಣುಗಳು ಲೆಕ್ಕಕ್ಕೆ ಬರುತ್ತವೆ. ಸೋರುವ ಕರುಳು ಎಂಬ ಪದವನ್ನು ಜಾಹೀರಾತುಗಳಲ್ಲಿ ಎಲ್ಲ ಬಗೆಯ ಆಯಾಸಕ್ಕೂ ಚರ್ಮದ ತೊಂದರೆಗೂ ಅಂಟಿಸುವುದುಂಟು. ಇಲ್ಲಿ ಹೇಳಿದ, ಅಳೆಯಬಹುದಾದ ಪಾರಗಮ್ಯತೆಗೂ ಆ ಬಳಕೆಗೂ ಸಂಬಂಧವಿಲ್ಲ.

ಕರುಳಿನ ಬ್ಯಾಕ್ಟೀರಿಯ

ಜಠರದ ಆಮ್ಲ, ಪಿತ್ತರಸ ಮತ್ತು ಬಿಡುವಿಲ್ಲದ ಚಲನೆ ಸಣ್ಣ ಕರುಳಿನ ಮೇಲ್ಭಾಗದಲ್ಲಿ ಬ್ಯಾಕ್ಟೀರಿಯಗಳು ಬೇರೂರದಂತೆ ನೋಡಿಕೊಳ್ಳುತ್ತವೆ. ದೀರ್ಘಕಾಲ ಕುಡಿಯುವವರ ಜೆಜುನಮ್‌ನಲ್ಲಿ ಅವುಗಳ ಸಂಖ್ಯೆ ಅತಿಯಾಗಿರುವುದನ್ನು ಜರ್ಮನಿಯಲ್ಲಿ ಬೋಡೆ ಮತ್ತು ಸಂಗಡಿಗರು 1984ರಲ್ಲಿ ವರದಿ ಮಾಡಿದರು. ಹೊಟ್ಟೆಯುಬ್ಬರ, ವಾಯು, ಭೇದಿ ಇದರ ಹೊರಗುರುತು. ಸಂಖ್ಯೆಯ ಜೊತೆಗೆ ಜಾತಿಗಳ ಸಮತೋಲವೂ ತಪ್ಪುತ್ತದೆ. ಲೋಳೆಯನ್ನೇ ಆಶ್ರಯಿಸಿ ಬದುಕುವ ಆಕರ್ಮ್ಯಾನ್ಸಿಯ ಮದ್ಯಜನ್ಯ ಯಕೃತ್ ಉರಿಯೂತದವರಲ್ಲಿ ಕಡಿಮೆಯಾಗಿರುತ್ತದೆ. ಸೈಟೊಲೈಸಿನ್ ಎಂಬ ವಿಷವನ್ನು ತಯಾರಿಸುವ ಎಂಟರೊಕಾಕಸ್ ಫೀಕಾಲಿಸ್ ಇರುವ ರೋಗಿಗಳಲ್ಲಿ ಸಾವಿನ ಅಪಾಯ ಹೆಚ್ಚು ಎಂದು 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇಲಿಗಳಲ್ಲಿ ಆ ಬ್ಯಾಕ್ಟೀರಿಯವನ್ನೇ ಗುರಿಯಿಟ್ಟು ಕೊಲ್ಲುವ ವೈರಾಣುಗಳನ್ನು ಕೊಟ್ಟಾಗ ಯಕೃತ್ತಿನ ಹಾನಿ ತಗ್ಗಿತು.

ಪೋಷಕಾಂಶಗಳ ಹೀರಿಕೆ

ಲೋಳೆಪೊರೆಯ ಕೇಡು ದೇಹದ ಉಳಿದೆಡೆ ಎದ್ದು ಕಾಣುವುದು ವಿಟಮಿನ್ ಕೊರತೆಯ ರೂಪದಲ್ಲಿ. ಇವುಗಳಲ್ಲಿ ಥಯಮಿನ್, ಅಂದರೆ ಬಿ1 ವಿಟಮಿನ್, ಎಲ್ಲಕ್ಕಿಂತ ತುರ್ತಿನದು. ದೇಹದಲ್ಲಿ ಅದರ ಸಂಗ್ರಹ ಸುಮಾರು 30 ಮಿಲಿಗ್ರಾಂ. ಪೂರೈಕೆ ನಿಂತರೆ ಎರಡು ಮೂರು ವಾರಗಳಲ್ಲಿ ಬರಿದಾಗುತ್ತದೆ. ಅದನ್ನು ಹೀರಲು ಕರುಳಿನ ಕೋಶಗಳಲ್ಲಿ ವಾಹಕ ಪ್ರೋಟೀನುಗಳಿವೆ. ಎಥನಾಲ್ ಅವುಗಳ ಕೆಲಸಕ್ಕೆ ಅಡ್ಡಬರುತ್ತದೆ. ಊಟವೂ ಸರಿಯಿಲ್ಲದವರಲ್ಲಿ ಈ ತಡೆ ಇನ್ನೂ ಬಲವಾಗುತ್ತದೆ. ಥಯಮಿನ್ ತೀರಿದ ಮೆದುಳಿನಲ್ಲಿ ಕಣ್ಣಾಲಿಗಳ ಚಲನೆ ತಪ್ಪುವುದು, ನಡಿಗೆ ತೂರಾಡುವುದು, ಗೊಂದಲ ಕಾಣಿಸಿಕೊಳ್ಳುತ್ತವೆ. ಕಾರ್ಲ್ ವೆರ್ನಿಕೆ 1881ರಲ್ಲಿ ವಿವರಿಸಿದ ಈ ಸ್ಥಿತಿಗೆ ಅವನ ಹೆಸರೇ ಇದೆ. ಚಿಕಿತ್ಸೆ ತಡವಾದರೆ ಹೊಸ ನೆನಪು ನಿಲ್ಲದ ಕೊರ್ಸಕಾಫ್ ಸ್ಥಿತಿ ಉಳಿದುಬಿಡಬಹುದು.

ಫೋಲೇಟಿನ ಕತೆ ಒಂದು ವಿಷವರ್ತುಲ. ಬೇಗ ವಿಭಜನೆಯಾಗುವ ಯಾವ ಕೋಶಕ್ಕೂ ಫೋಲೇಟ್ ಬೇಕು. ಕರುಳಿನ ಕುಳಿಕೋಶಗಳಿಗಂತೂ ಬೇಕೇಬೇಕು. ಮದ್ಯ ಫೋಲೇಟಿನ ಹೀರಿಕೆಯನ್ನು ತಡೆಯುತ್ತದೆ, ಯಕೃತ್ತಿನ ಸಂಗ್ರಹವನ್ನು ಕೆಡಿಸುತ್ತದೆ, ಮೂತ್ರದಲ್ಲಿ ಹೆಚ್ಚು ಹೋಗುವಂತೆ ಮಾಡುತ್ತದೆ. ಫೋಲೇಟ್ ಕಡಿಮೆಯಾದಾಗ ಕುಳಿಗಳಲ್ಲಿ ಹೊಸ ಕೋಶಗಳ ಹುಟ್ಟು ಕುಂಟುತ್ತದೆ, ಹುಟ್ಟಿದವು ದೊಡ್ಡದಾಗಿ ಅಪಕ್ವವಾಗಿರುತ್ತವೆ. ಅಂಥ ಲೋಳೆಪೊರೆ ಫೋಲೇಟನ್ನು ಇನ್ನೂ ಕಡಿಮೆ ಹೀರುತ್ತದೆ. ಹಾಲ್‌ಸ್ಟೆಡ್ ಮತ್ತು ಸಂಗಡಿಗರ ಪ್ರಯೋಗಗಳಲ್ಲಿ ಫೋಲೇಟ್ ಇಲ್ಲದ ಆಹಾರ ಮತ್ತು ಮದ್ಯ ಎರಡೂ ಕೂಡಿದಾಗ ಫೋಲೇಟ್, ಗ್ಲೂಕೋಸ್, ಕ್ಸೈಲೋಸ್, ನೀರು ಇವುಗಳ ಹೀರಿಕೆ ಸ್ಪಷ್ಟವಾಗಿ ಕುಸಿಯಿತು. ಅಪೌಷ್ಟಿಕತೆ ಕಾರಣವೋ ಎಥನಾಲ್ ಕಾರಣವೋ ಎಂಬ ಹಳೆಯ ವಾದಕ್ಕೆ ಇದು ತಕ್ಕ ಉತ್ತರ: ಎರಡೂ ಕಾರಣ, ಮತ್ತು ಒಂದು ಇನ್ನೊಂದನ್ನು ಬೆಳೆಸುತ್ತದೆ. ರಕ್ತಪರೀಕ್ಷೆಯಲ್ಲಿ ಕೆಂಪುಕಣಗಳ ಗಾತ್ರ ಹಿಗ್ಗಿರುವುದಕ್ಕೆ ಫೋಲೇಟ್ ಕೊರತೆ ಒಂದು ಕಾರಣ. ಕೊರತೆಯಿಲ್ಲದೆಯೂ ಮದ್ಯ ನೇರವಾಗಿ ಅದನ್ನು ಉಂಟುಮಾಡಬಲ್ಲದು.

ಬಿ12, ಸತು, ಕೊಬ್ಬು, ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳ ಹೀರಿಕೆಯೂ ತಗ್ಗಬಹುದು. ಕೊಬ್ಬಿನ ವಿಷಯದಲ್ಲಿ ತಪ್ಪು ಹಲವು ಸಲ ಲೋಳೆಪೊರೆಯದಲ್ಲ, ಮದ್ಯದಿಂದಲೇ ಕೆಟ್ಟ ಮೇದೋಜೀರಕ ಗ್ರಂಥಿಯದು. ಕಬ್ಬಿಣದ್ದು ಮಾತ್ರ ತಲೆಕೆಳಗು: ಅದರ ಹೀರಿಕೆಯನ್ನು ಹಿಡಿತದಲ್ಲಿಡುವ ಹೆಪ್ಸಿಡಿನ್ ಮದ್ಯದಿಂದ ಇಳಿಯುವ ಕಾರಣ ಕೆಲವರಲ್ಲಿ ಕಬ್ಬಿಣ ಬೇಕಾದದ್ದಕ್ಕಿಂತ ಹೆಚ್ಚು ಒಳಸೇರಿ ಯಕೃತ್ತಿನಲ್ಲಿ ಕೂಡಿಕೊಳ್ಳುತ್ತದೆ. ಎಥನಾಲ್ ಪ್ರತಿ ಗ್ರಾಮಿಗೆ 7 ಕಿಲೊಕ್ಯಾಲರಿ ಕೊಡುತ್ತದೆ. ಹಸಿವು ಇಂಗಿದಂತೆ ಆಗುತ್ತದೆ, ವಿಟಮಿನ್ ಒಂದೂ ಸಿಗುವುದಿಲ್ಲ.

ಲಕ್ಷಣಗಳು ಮತ್ತು ಪತ್ತೆ

ಭೇದಿ, ಹೊಟ್ಟೆಯುಬ್ಬರ, ಹಾಲು ಒಗ್ಗದಿರುವುದು, ತೂಕ ಇಳಿಯುವುದು, ನಾಲಿಗೆಯ ಹುಣ್ಣು, ಕೈಕಾಲು ಜೋಮು ಸಾಮಾನ್ಯ ದೂರುಗಳು. ಇವುಗಳಲ್ಲಿ ಯಾವುದೂ ಮದ್ಯಕ್ಕೇ ಮೀಸಲಲ್ಲ. ದಕ್ಷಿಣ ಭಾರತದ ವಯಸ್ಕರಲ್ಲಿ ಕುಡಿಯದವರಿಗೂ ಲ್ಯಾಕ್ಟೇಸ್ ಕಡಿಮೆ ಇರುವುದು ಸಾಮಾನ್ಯ. ಕುಡಿಯುವವನೆಂಬ ಹಣೆಪಟ್ಟಿ ಒಮ್ಮೆ ಬಿದ್ದರೆ ಕರುಳಿನ ಕ್ಷಯ, ಕೊಕ್ಕೆಹುಳು, ಜಿಯಾರ್ಡಿಯ ಸೋಂಕು ಕಣ್ತಪ್ಪಿ ಹೋಗುವ ಅಪಾಯವಿದೆ.

ಪಾರಗಮ್ಯತೆಯನ್ನು ಅಳೆಯಲು ಲ್ಯಾಕ್ಟುಲೋಸ್ ಮತ್ತು ಮ್ಯಾನಿಟಾಲ್ ಎಂಬ ಎರಡು ಸಕ್ಕರೆಗಳನ್ನು ಒಟ್ಟಿಗೆ ಕುಡಿಸುವ ಪರೀಕ್ಷೆ ಇದೆ. ಮ್ಯಾನಿಟಾಲ್ ಚಿಕ್ಕದು, ಸಹಜವಾಗಿ ಒಳಹೋಗುತ್ತದೆ. ಲ್ಯಾಕ್ಟುಲೋಸ್ ದೊಡ್ಡದು, ಸಂದು ತೆರೆದಿದ್ದರಷ್ಟೇ ಹೆಚ್ಚಾಗಿ ಹೋಗುತ್ತದೆ. ಮೂತ್ರದಲ್ಲಿ ಇವೆರಡರ ಅನುಪಾತ ಏರಿದ್ದರೆ ಗೋಡೆ ಸೋರುತ್ತಿದೆ ಎಂದರ್ಥ. ಬ್ಯಾಕ್ಟೀರಿಯಗಳ ಅತಿಬೆಳವಣಿಗೆಗೆ ಉಸಿರಿನ ಹೈಡ್ರೊಜನ್ ಪರೀಕ್ಷೆ, ಹೀರಿಕೆಗೆ ಡಿ-ಕ್ಸೈಲೋಸ್ ಪರೀಕ್ಷೆ, ಬೇರೆ ರೋಗಗಳನ್ನು ಹೊರಗಿಡಲು ಎಂಡೊಸ್ಕೋಪಿಯಿಂದ ತೆಗೆದ ತುಣುಕಿನ ಪರೀಕ್ಷೆ ಬಳಕೆಯಲ್ಲಿವೆ. ಪಾರಗಮ್ಯತೆಯ ಪರೀಕ್ಷೆ ಹೆಚ್ಚಾಗಿ ಸಂಶೋಧನೆಗೆ ಸೀಮಿತ. ದಿನನಿತ್ಯದ ಚಿಕಿತ್ಸೆಯ ತೀರ್ಮಾನ ಅದರಿಂದ ಬದಲಾಗುವುದು ವಿರಳ.

ಚೇತರಿಕೆ ಮತ್ತು ಚಿಕಿತ್ಸೆ

ಕುಡಿತ ಬಿಡುವುದೊಂದೇ ಖಚಿತವಾದ ಚಿಕಿತ್ಸೆ. ಕೋಶಗಳು ಬೇಗ ಹೊಸತಾಗುವುದರಿಂದ ತುದಿಯ ಗಾಯಗಳು ದಿನಗಳಲ್ಲಿ ಮಾಯುತ್ತವೆ, ಕಿಣ್ವಗಳು ವಾರಗಳಲ್ಲಿ ಮರಳುತ್ತವೆ. ಬೆಲ್ಜಿಯಂನಲ್ಲಿ ಸೋಫಿ ಲೆಕ್ಲರ್ಕ್ ಮತ್ತು ಸಂಗಡಿಗರು ವ್ಯಸನಮುಕ್ತಿಗೆ ದಾಖಲಾದವರನ್ನು ಮೂರು ವಾರ ಅನುಸರಿಸಿದಾಗ ಏರಿದ್ದ ಪಾರಗಮ್ಯತೆ ಇಳಿದಿತ್ತು. ಇದೇ ತಂಡದ 2014ರ ಅಧ್ಯಯನದಲ್ಲಿ ಎಲ್ಲ ವ್ಯಸನಿಗಳ ಕರುಳೂ ಸೋರುತ್ತಿರಲಿಲ್ಲ. ಸೋರುತ್ತಿದ್ದವರಲ್ಲಿ ಮೂರು ವಾರದ ಕೊನೆಗೂ ಖಿನ್ನತೆ, ಆತಂಕ, ಕುಡಿಯುವ ತುಡಿತ ಹೆಚ್ಚು ಉಳಿದಿದ್ದವು. ಸಿರೋಸಿಸ್ ಮುಂದುವರಿದವರಲ್ಲಿ ಕರುಳಿನ ಚೇತರಿಕೆ ಅಪೂರ್ಣ, ಏಕೆಂದರೆ ಪೋರ್ಟಲ್ ಅಭಿಧಮನಿಯ ಒತ್ತಡವೇ ಲೋಳೆಪೊರೆಯನ್ನು ಊದಿಸುತ್ತಿರುತ್ತದೆ.

ವ್ಯಸನಿ ಆಸ್ಪತ್ರೆ ಸೇರಿದಾಗ ಥಯಮಿನನ್ನು ಮಾತ್ರೆಯಾಗಿ ಕೊಡದೆ ಮೊದಲ ದಿನಗಳಲ್ಲಿ ರಕ್ತನಾಳಕ್ಕೋ ಸ್ನಾಯುವಿಗೋ ಚುಚ್ಚುವುದು ರೂಢಿ. ಕಾರಣ ಇಷ್ಟೇ: ಕೆಟ್ಟ ಕರುಳು ನುಂಗಿದ ಮಾತ್ರೆಯ ಅಲ್ಪಭಾಗವನ್ನಷ್ಟೇ ಹೀರುತ್ತದೆ. ಥಯಮಿನ್ ಕೊಡದೆ ಬರಿಯ ಗ್ಲೂಕೋಸ್ ಡ್ರಿಪ್ ಏರಿಸುವುದರಿಂದ ಮೆದುಳಿನ ಉಳಿದ ಥಯಮಿನ್ ಕೂಡ ಖರ್ಚಾಗಿ ವೆರ್ನಿಕೆ ಸ್ಥಿತಿ ಬರಬಹುದೆಂಬ ಎಚ್ಚರಿಕೆಯನ್ನು ವೈದ್ಯರು ಪಾಲಿಸುತ್ತಾರೆ. ಫೋಲೇಟ್, ಸತು, ಪ್ರೋಟೀನ್ ಸಾಕಷ್ಟಿರುವ ಆಹಾರ ಅನಂತರದ ಹೆಜ್ಜೆ.

ಕರುಳನ್ನೇ ಗುರಿಯಾಗಿಸಿದ ಔಷಧಗಳ ಫಲ ಈವರೆಗೆ ಮಿಶ್ರವಾಗಿದೆ. ಪ್ರೋಬಯಾಟಿಕ್‌ಗಳ ಪ್ರಯೋಗಗಳು ಚಿಕ್ಕವು. ಹೀರಿಕೆಯಾಗದೆ ಕರುಳಿನಲ್ಲೇ ಕೆಲಸ ಮಾಡುವ ರಿಫಾಕ್ಸಿಮಿನ್ ಎಂಬ ಪ್ರತಿಜೀವಕ ಸಿರೋಸಿಸ್‌ನಿಂದಾಗುವ ಮೆದುಳಿನ ಮಂಕುತನ ಮರುಕಳಿಸದಂತೆ ತಡೆಯಲು ಬಳಕೆಯಲ್ಲಿದೆ. ತೀವ್ರ ಮದ್ಯಜನ್ಯ ಯಕೃತ್ ಉರಿಯೂತದವರಿಗೆ ಆರೋಗ್ಯವಂತರ ಮಲದ ಬ್ಯಾಕ್ಟೀರಿಯಗಳನ್ನು ವರ್ಗಾಯಿಸುವ ಪ್ರಯೋಗದಲ್ಲಿ ದೆಹಲಿಯ ಯಕೃತ್ ಮತ್ತು ಪಿತ್ತ ವಿಜ್ಞಾನ ಸಂಸ್ಥೆ ಮುಂಚೂಣಿಯಲ್ಲಿದೆ. ಅಲ್ಲಿನ ಮೊದಲ ಚಿಕ್ಕ ಅಧ್ಯಯನ 2017ರಲ್ಲಿ ಪ್ರಕಟವಾಯಿತು.

ಭಾರತದಲ್ಲಿ ಸದ್ಯದ ಸ್ಥಿತಿ

ಪಶ್ಚಿಮದ ದೇಶಗಳ ಫಲಿತಾಂಶಗಳನ್ನು ದಕ್ಷಿಣ ಭಾರತಕ್ಕೆ ಹಾಗೆಯೇ ಅನ್ವಯಿಸುವಲ್ಲಿ ಒಂದು ತೊಡಕಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಸೆಲ್ವಿನ್ ಬೇಕರ್, ವಿ. ಐ. ಮಾಥನ್ ಮೊದಲಾದವರು 1960ರ ದಶಕದಿಂದ ನಡೆಸಿದ ಅಧ್ಯಯನಗಳಲ್ಲಿ ಯಾವ ದೂರೂ ಇಲ್ಲದ ಹಳ್ಳಿಗರ ಕರುಳಿನಲ್ಲೂ ವಿಲ್ಲೈಗಳು ತಗ್ಗಿ, ಎಲೆಯಾಕಾರಕ್ಕೆ ತಿರುಗಿರುವುದು ಕಂಡಿತು. ಪರಿಸರದ ಸೋಂಕಿಗೆ ಮತ್ತೆ ಮತ್ತೆ ಒಡ್ಡಿಕೊಳ್ಳುವ ಜನರಲ್ಲಿ ಇದು ಸಾಮಾನ್ಯ. ಅಂಥ ಲೋಳೆಪೊರೆಯಲ್ಲಿ ಮದ್ಯದ ಪಾಲು ಎಷ್ಟು, ಪರಿಸರದ ಪಾಲು ಎಷ್ಟು ಎಂದು ಬೇರ್ಪಡಿಸಲು ಅದೇ ಊರಿನ, ಅದೇ ಆಹಾರದ, ಕುಡಿಯದ ಜನರೊಂದಿಗೆ ಹೋಲಿಸಬೇಕು. ಲಂಡನ್ನಿನ ಅಥವಾ ನ್ಯೂಯಾರ್ಕಿನ ಅಳತೆಗೋಲು ಸಾಲದು.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಶೇ 14.6 ಮಂದಿ, ಅಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಪುರುಷರಲ್ಲಿ ಈ ಪ್ರಮಾಣ ಶೇ 27.3, ಮಹಿಳೆಯರಲ್ಲಿ ಶೇ 1.6. ನೆರವಿನ ಅಗತ್ಯವಿರುವಷ್ಟು ಕುಡಿಯುವವರು 5.7 ಕೋಟಿ. ದೇಶದಲ್ಲಿ ಹೆಚ್ಚು ಕುಡಿಯುವುದು ಬಿಯರ್, ವೈನ್‌ಗಳಲ್ಲ. ನಾಡಮದ್ಯ ಮತ್ತು ಕಾರ್ಖಾನೆಯ ವಿಸ್ಕಿ, ರಮ್ಮುಗಳು. ಲೋಳೆಪೊರೆಗೆ ತಾಗುವ ದ್ರವದ ಗಾಢತೆಯ ದೃಷ್ಟಿಯಿಂದ ಈ ವ್ಯತ್ಯಾಸ ಗಮನಾರ್ಹ. ಕರ್ನಾಟಕದಲ್ಲಿ ಸಾರಾಯಿ ಮಾರಾಟವನ್ನು 2007ರ ಜುಲೈನಿಂದ ನಿಷೇಧಿಸಲಾಯಿತು; ಅಂದಿನಿಂದ ದುಡಿಯುವ ಜನರಲ್ಲಿ ಅಗ್ಗದ ವಿಸ್ಕಿ, ಬ್ರಾಂದಿಯ ಚಿಕ್ಕ ಪ್ಯಾಕೆಟ್ಟುಗಳು ಬಳಕೆಗೆ ಬಂದಿವೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ವರ್ಷಗಟ್ಟಲೆ ದಿನವೂ ಕುಡಿದವರು ವೈದ್ಯರ ನೆರವಿಲ್ಲದೆ ಒಮ್ಮೆಲೇ ನಿಲ್ಲಿಸಿದರೆ ಅಪಸ್ಮಾರ, ಸನ್ನಿ ಬರಬಹುದು. ಆದ್ದರಿಂದ ಅಂಥವರು ಕುಡಿತ ಬಿಡುವುದನ್ನು ವೈದ್ಯಕೀಯ ನಿಗಾದಲ್ಲಿ ಆರಂಭಿಸಬೇಕು. ಕೇಂದ್ರ ಸರ್ಕಾರದ ಉಚಿತ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ 14446.